ಮುಂದೆ ರಾಗಿಯ ಚಿತ್ರ, ಒಳಗೆ ಅಕ್ಕಿ ಹಿಟ್ಟು: ಕೂಸಿನ ಆಹಾರದ ಪೊಟ್ಟಣ ಕೊಳ್ಳುವವರು ಓದಿ

ಭತ್ತದ ನಾಡಾದ ಗಂಗಾವತಿಯಲ್ಲಿ ಇದ್ದುಕೊಂಡು ಅಕ್ಕಿ ಹಿಟ್ಟಿಗೆ 340 ರೂಪಾಯಿ ಕೊಟ್ಟೆನೆಂದು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಇನ್ನೊಬ್ಬ ತಾಯಿ ಹೀಗೆ ಮೋಸಹೋಗಬಾರದೆಂದು ಬರೆಯುತ್ತಿದ್ದೇನೆ.

ಮಗಳಿಗೆ ಆರು ತಿಂಗಳು ತುಂಬಿದಾಗ, ನಾವು ಯಾವಾಗಲೂ ಹೋಗುವ ಔಷಧಿ ಅಂಗಡಿಯವರು “ಮೊದ್ಲ ಇದನ್ನ ತಿನ್ಸಿ ನೋಡ್ರಿ ಅಕ್ಕಾರ, ರೊಕ್ಕ ಬ್ಯಾಡ” ಎಂದು ರಾಗಿಯ ಶಿಶು ಆಹಾರದ ಸಣ್ಣ ಪೊಟ್ಟಣವನ್ನು ಕೈಗಿತ್ತರು. ಇಂಥ ಆಹಾರದ ಮಾದರಿಯನ್ನು ಪುಕ್ಕಟೆ ಹಂಚುವುದನ್ನು ಶಿಶು ಆಹಾರದ ಮಾರಾಟವನ್ನು ನಿಯಂತ್ರಿಸುವ 1992ರ ಕಾಯ್ದೆಯೇ ನಿಷೇಧಿಸಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಮಗು ಚಪ್ಪರಿಸಿ ತಿಂದಿತು, ನಾನು ದೊಡ್ಡ ಪೊಟ್ಟಣವನ್ನು ಮೂರು ಸಲ ತಂದೆ. ಅದರ ಮುಂಭಾಗದಲ್ಲಿ ರಾಗಿ ತೆನೆಯ ಚಿತ್ರವಿತ್ತು, “ಸಕ್ಕರೆ ಸೇರಿಸಿಲ್ಲ” ಎಂಬ ದಪ್ಪಕ್ಷರವಿತ್ತು.

ಹೋದ ವಾರ ಮನೆಗೆ ಬಂದ ಅಂಗನವಾಡಿ ಕಾರ್ಯಕರ್ತೆ ಪೊಟ್ಟಣವನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು: ಅಕ್ಕಿ ಹಿಟ್ಟು, ಹಾಲಿನ ಪುಡಿ, ಮಾಲ್ಟೋಡೆಕ್ಸ್‌ಟ್ರಿನ್, ಖರ್ಜೂರದ ಪುಡಿ, ಆಮೇಲೆ ರಾಗಿ, ಅದೂ ನೂರಕ್ಕೆ ಎಂಟು ಪಾಲು. ತೂಕದಲ್ಲಿ ಹೆಚ್ಚಿರುವುದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಅತ್ತೆಯವರ ಎದುರು ನಾನು ತಲೆ ಎತ್ತಲಾಗಲಿಲ್ಲ, ಏಕೆಂದರೆ ಅವರು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಇಟ್ಟಿದ್ದ ರಾಗಿ ಹಿಟ್ಟನ್ನು ಬೇಡವೆಂದವಳು ನಾನೇ. ನೂರಕ್ಕೆ ಎಂಟು ಪಾಲು!

ಅಂಗಡಿಗೆ ಹೋಗಿ, ಮಾಲ್ಟೋಡೆಕ್ಸ್‌ಟ್ರಿನ್ ಎಂದರೆ ಸಕ್ಕರೆಯೇ ಅಲ್ಲವೇ ಎಂದು ಕೇಳಿದರೆ, “ಅದು ಸಕ್ಕರಿ ಅಲ್ರೀ, ಮಾಲ್ಟು. ನಾವೇನು ಮನ್ಯಾಗ ಮಾಡಿ ಮಾರ್ತೀವೇನ್ರೀ?” ಎಂದರು. ಕಂಪನಿಯ ಸಹಾಯವಾಣಿಯವರು “ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆಯಲ್ಲ ಮೇಡಂ, ನಿಯಮದಂತೆಯೇ ಬರೆದಿದ್ದೇವೆ” ಎಂಬ ಒಂದೇ ಮಾತನ್ನು ಮೂರು ಸಲ ಹೇಳಿದರು. ಪಿಷ್ಟವನ್ನು ಒಡೆದು ಮಾಡುವ ಆ ಪುಡಿ ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೆ ಗ್ಲುಕೋಸ್ ಆಗುತ್ತದೆ, ಹಾಗಿದ್ದರೂ “ಸಕ್ಕರೆ ಸೇರಿಸಿಲ್ಲ” ಎಂಬ ಮಾತಿಗೆ ಅದು ಅಡ್ಡಬರುವುದಿಲ್ಲವಂತೆ. ಬಿಸಿನೀರು ಹಾಕಿದೊಡನೆ ಪೊಟ್ಟಣದ ಹಿಟ್ಟು ಗಂಜಿಯಾಗುವುದನ್ನು ಕಂಡು ನಾನು ಹಿಗ್ಗಿದ್ದೆ. ಹಿಟ್ಟನ್ನು ಕಾರ್ಖಾನೆಯಲ್ಲೇ ಬೇಯಿಸಿ, ಕಾದ ಉರುಳೆಯ ಮೇಲೆ ತೆಳುವಾಗಿ ಒಣಗಿಸಿ ಪುಡಿ ಮಾಡುವುದರಿಂದ ಹಾಗಾಗುತ್ತದೆ, ಅಷ್ಟೇ. ಅದಕ್ಕೆ ಕಬ್ಬಿಣಾಂಶ ಸೇರಿಸಿರುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಸಿಟ್ಟು ರಾಗಿಯ ಹೆಸರಿನಲ್ಲಿ ಅಕ್ಕಿ ಹಿಟ್ಟು ಮಾರಿದ್ದಕ್ಕೆ.

ಕೊಳ್ಳಲೇಬೇಕಾದರೆ ಹಿಂಬದಿಯ ಮೊದಲ ಮೂರು ಹೆಸರುಗಳನ್ನು ಓದಿ, ಅಂಗಡಿಯವರು ಪುಕ್ಕಟೆ ಕೊಟ್ಟದ್ದನ್ನು ಮುಟ್ಟಬೇಡಿ. ಒಡೆಯದ ಒಂದು ಪೊಟ್ಟಣವನ್ನು ಬಿಲ್ಲಿನ ಸಮೇತ ಒಯ್ದರೂ ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಇತ್ತ ಮಗಳು ಅತ್ತೆಯವರು ಕಾಸಿದ ರಾಗಿ ಗಂಜಿಯನ್ನು ಬಾಯಿಗಿಟ್ಟ ಕೂಡಲೇ ಉಗುಳುತ್ತಾಳೆ, ನಾಲ್ಕು ದಿನದಿಂದ ಇದೇ ನಡೆದಿದೆ.