ಥೈರಾಯ್ಡ್ ತೆಗೆಸಿದ ಮೇಲೆ ತೂಕ: ಮಾತ್ರೆ ಡಬ್ಬಿ, ತಕ್ಕಡಿ, ಪುಡಿ ಡಬ್ಬ, ಯಾವುದಕ್ಕೆ ದುಡ್ಡು ಕೊಡಬೇಕು?

ಪೂರ್ತಿ ಥೈರಾಯ್ಡ್ ತೆಗೆಸಿಕೊಂಡವರನ್ನು ನೋಡಲು ಬರುವ ನೆಂಟರು ಹಣ್ಣಿನ ಜೊತೆಗೆ ಒಂದು ಮಾತನ್ನೂ ತಂದಿರುತ್ತಾರೆ: "ಇನ್ನು ದಪ್ಪ ಆಗೋದು ಗ್ಯಾರಂಟಿ." ಈ ಮಾತಿಗೆ ಹೆದರಿಯೇ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೂ ಮಂಡ್ಯದ ನೂರಡಿ ರಸ್ತೆಯಲ್ಲೂ ಜನ ತೂಕ ಇಳಿಸುವ ಪುಡಿ ಹುಡುಕುತ್ತಾ ಹೋಗುತ್ತಾರೆ. ಪೂರ್ತಿ ಗ್ರಂಥಿ ತೆಗೆದ ಮೇಲೆ ತೂಕ ಏರುವುದು ಸರಾಸರಿ 2 ಕೆಜಿ ಆಸುಪಾಸು. ಗ್ರಂಥಿ ಅತಿಯಾಗಿ ಹಾರ್ಮೋನು ಸುರಿಸುವ ಗ್ರೇವ್ಸ್ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು, ಏಕೆಂದರೆ ಕಾಯಿಲೆಯಲ್ಲಿ ಕರಗಿದ್ದ ತೂಕವೂ ವಾಪಸ್ ಬರುತ್ತದೆ. ಅದಕ್ಕಿಂತ ಜಾಸ್ತಿ ಏರುತ್ತಿದ್ದರೆ ಡೋಸ್, ಮಾತ್ರೆ ನುಂಗುವ ಹೊತ್ತು, ತಟ್ಟೆ, ಈ ಮೂರನ್ನು ಇದೇ ಕ್ರಮದಲ್ಲಿ ನೋಡಬೇಕು. ಅಂಗಡಿಯಲ್ಲಿ ಸಿಗುವ ವಸ್ತುಗಳನ್ನು ಇಲ್ಲಿ ಅಳೆದಿರುವುದೂ ಇದೇ ಲೆಕ್ಕದಲ್ಲಿ.

ಲಿವೋಥೈರಾಕ್ಸಿನ್ ಮಾತ್ರೆ

ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್, ಹೆಸರು ಯಾವುದಾದರೂ ಒಳಗಿರುವುದು ಒಂದೇ ಔಷಧಿ: ಗ್ರಂಥಿ ಕೊಡುತ್ತಿದ್ದ ಥೈರಾಕ್ಸಿನ್ ಹಾರ್ಮೋನಿನ ಬದಲಿಗೆ ನುಂಗುವ ಲಿವೋಥೈರಾಕ್ಸಿನ್. ತೂಕದ ವಿಷಯದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೆಲಸ ಮಾಡುವ ವಸ್ತು ಬೇರೆ ಇಲ್ಲ. ಗ್ರಂಥಿ ಪೂರ್ತಿ ಹೋದವರಿಗೆ ಆರಂಭದ ಲೆಕ್ಕ ಸಾಮಾನ್ಯವಾಗಿ ಕೆಜಿಗೆ 1.6 ಮೈಕ್ರೋಗ್ರಾಂ. 60 ಕೆಜಿ ತೂಗುವವರಿಗೆ 96 ಬರುತ್ತದೆ, ವೈದ್ಯರು 100 ಬರೆಯುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಕಡಿಮೆಯಿಂದ ಶುರು ಮಾಡುತ್ತಾರೆ.

ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿಯನ್ನು ಚೀಟಿಯ ಪಕ್ಕ ಹಿಡಿದು ಓದಿ. 25 ಮತ್ತು 125, 112 ಮತ್ತು 12.5 ಅದಲುಬದಲಾಗುವುದು ಸುಲಭ. ಕೆಲವು ಚೀಟಿಯಲ್ಲಿ 0.1 ಎಂಜಿ ಎಂದಿರುತ್ತದೆ, ಅದು 100 ಎಂಸಿಜಿ, ಅಂದರೆ ಮೈಕ್ರೋಗ್ರಾಂ. ಬ್ರ್ಯಾಂಡ್ ಪದೇ ಪದೇ ಬದಲಾಯಿಸಬೇಡಿ. ಮೆಡಿಕಲ್ಸ್‌ನವರು "ಅದಿಲ್ಲ, ಇದೂ ಅದೇ" ಎಂದು ಬೇರೆ ಕಂಪನಿಯದನ್ನು ಕೊಟ್ಟರೆ ತೆಗೆದುಕೊಳ್ಳಲು ಅಡ್ಡಿಯಿಲ್ಲ, ಆದರೆ ಆರು ವಾರದ ನಂತರ ಟಿಎಸ್‌ಎಚ್ (ಡೋಸ್ ಕಡಿಮೆಯಾದರೆ ಏರುವ, ಹೆಚ್ಚಾದರೆ ಇಳಿಯುವ ರಕ್ತದ ಅಂಕಿ) ನೋಡಿಸಬೇಕು. ಮೈಕ್ರೋಗ್ರಾಂ ಲೆಕ್ಕದ ಔಷಧಿಯಲ್ಲಿ ಸಣ್ಣ ವ್ಯತ್ಯಾಸವೂ ರಕ್ತದಲ್ಲಿ ಕಾಣುತ್ತದೆ.

ಡಬ್ಬಿ, ಸ್ಟ್ರಿಪ್ ಎರಡರಲ್ಲಿ ಡಬ್ಬಿಗೆ ಬೆಲೆಯಲ್ಲೂ ಅನುಕೂಲದಲ್ಲೂ ನಮ್ಮ ಮತ. ಒಂದೇ ಷರತ್ತು: ಒಲೆಯ ಮೇಲಿನ ಶೆಲ್ಫ್, ಕಿಟಕಿ, ಬಚ್ಚಲುಮನೆ ಬೇಡ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಗೆ ಆಗುವುದಿಲ್ಲ. ಒಳಗಿನ ತೇವ ಹೀರುವ ಪೊಟ್ಟಣ ಬಿಸಾಡಬೇಡಿ, ಒದ್ದೆ ಕೈಯಲ್ಲಿ ಮಾತ್ರೆ ತೆಗೆಯಬೇಡಿ.

ಇನ್ನು ನಮ್ಮ ಊರಿನ ದೊಡ್ಡ ತೊಡಕು: ಬೆಳಗಿನ ಕಾಫಿ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದರೆ ಈ ಔಷಧಿ 70–80% ಮೈಗೆ ಸೇರುತ್ತದೆ. ಹಿಂದೆಯೇ ಗಟ್ಟಿ ಡಿಕಾಕ್ಷನ್ ಕುಡಿದರೆ ಅದು ತಗ್ಗುತ್ತದೆ. ದಿನಾ ಹೀಗೆ ಮಾಡುವವರು ಚೀಟಿಯಲ್ಲಿ 100 ಇದ್ದರೂ ಅಷ್ಟನ್ನು ಪಡೆಯುತ್ತಿರುವುದಿಲ್ಲ. ಟಿಎಸ್‌ಎಚ್ ಏರುತ್ತದೆ, ಮೈ ಉಪ್ಪನ್ನೂ ನೀರನ್ನೂ ಹಿಡಿದುಕೊಳ್ಳುತ್ತದೆ, ಮುಖ ಊದುತ್ತದೆ, ಮಲಬದ್ಧತೆ ಸೇರಿಕೊಳ್ಳುತ್ತದೆ, ತೂಕದ ಯಂತ್ರ 2–4 ಕೆಜಿ ಹೆಚ್ಚು ತೋರಿಸುತ್ತದೆ. ಇದರಲ್ಲಿ ಕೊಬ್ಬಿಗಿಂತ ನೀರೇ ಜಾಸ್ತಿ. ಆದ್ದರಿಂದಲೇ ಉಪವಾಸಕ್ಕೆ ಇಳಿಯದ ತೂಕ ಡೋಸ್ ಸರಿಯಾದಾಗ ಇಳಿಯುತ್ತದೆ.

ನಡೆಯುವ ವೇಳಾಪಟ್ಟಿ ಹೀಗಿರಲಿ. ಐದೂವರೆಗೆ ಎದ್ದ ಕೂಡಲೇ ಒಂದು ಲೋಟ ನೀರಿನ ಜೊತೆ ಮಾತ್ರೆ. ಆರೂವರೆಗೆ ಕಾಫಿ, ಆಮೇಲೆ ತಿಂಡಿ. ಆಪರೇಷನ್ ನಂತರ ಕ್ಯಾಲ್ಸಿಯಂ ಬರೆದುಕೊಟ್ಟಿದ್ದರೆ ಅದಕ್ಕೆ ನಾಲ್ಕು ಗಂಟೆ ಅಂತರ ಬೇಕೇ ಬೇಕು, ಅಂದರೆ ಒಂಬತ್ತೂವರೆಯ ನಂತರ. ಕಬ್ಬಿಣದ ಮಾತ್ರೆಗೂ ಇದೇ ನಿಯಮ. ಎಲ್ಲವನ್ನೂ ಒಂದೇ ಅಂಗೈಯಲ್ಲಿ ಹಾಕಿ ಒಟ್ಟಿಗೆ ನುಂಗಿಸುವ ಮನೆಗಳಲ್ಲಿ ಕ್ಯಾಲ್ಸಿಯಂ ಹೊಟ್ಟೆಯೊಳಗೇ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಹೊರಗೆ ಒಯ್ಯುತ್ತದೆ. ಹಾಗಂತ ಅಂತರ ಹೊಂದಿಸಲಾಗದೆ ಕ್ಯಾಲ್ಸಿಯಂ ಬಿಡಲೂ ಬಾರದು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎಂದರೆ, ಕೈ ಸೆಟೆದುಕೊಂಡರೆ ಅದು ಕ್ಯಾಲ್ಸಿಯಂ ಇಳಿದ ಸೂಚನೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಬೆಳಗಿನ ಹೊತ್ತು ಹೊಂದದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವ ಮುಂಚೆ ನುಂಗಬಹುದು. ರಂಜಾನ್ ತಿಂಗಳಲ್ಲಿ ಇದು ಅನುಕೂಲ, ವೈದ್ಯರಿಗೆ ಹೇಳಿ ಬದಲಿಸಿದರಾಯಿತು. ಹೊತ್ತು ಯಾವುದಾದರೂ ದಿನಾ ಅದೇ ಇರಲಿ.

ತೂಕ ಇಳಿಯಲಿ ಎಂದು ಡೋಸನ್ನು ತಾವೇ ಏರಿಸಿಕೊಳ್ಳುವವರಿಗೆ ಕೈಮುಗಿದು ಹೇಳುವುದು: ಬೇಡ. ಹೆಚ್ಚಿನ ಡೋಸ್ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ, ಎದೆಬಡಿತ ತಪ್ಪಿಸುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಸುತ್ತದೆ. ಕ್ಯಾನ್ಸರ್‌ಗೆ ಆಪರೇಷನ್ ಆದವರಲ್ಲಿ ಕೆಲವರಿಗೆ ಟಿಎಸ್‌ಎಚ್ ಬೇಕೆಂದೇ 0.1ಕ್ಕಿಂತ ಕೆಳಗೆ ಇಡುತ್ತಾರೆ. ಅವರ ಡೋಸ್ ನೋಡಿ ಗಂಟಿಗೆ ಆಪರೇಷನ್ ಆದ ಪಕ್ಕದ ಮನೆಯವರು ತಮ್ಮದನ್ನು ಹೋಲಿಸಿಕೊಳ್ಳಬಾರದು.

ಲ್ಯಾಬ್ ಪರೀಕ್ಷೆ

ಈ ಔಷಧಿಯ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು ಏಳು ದಿನ. ಆದ್ದರಿಂದ ಡೋಸ್ ಬದಲಾದ ಹತ್ತೇ ದಿನಕ್ಕೆ ಮಾಡಿಸಿದ ಟಿಎಸ್‌ಎಚ್ ದುಡ್ಡು ದಂಡ. 6ರಿಂದ 8 ವಾರ ಬಿಡಿ. ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುತ್ತಿದ್ದರೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಅದು ಫಲಿತಾಂಶವನ್ನೇ ಸುಳ್ಳು ಮಾಡುತ್ತದೆ.

ತೂಕದ ಯಂತ್ರ ಮತ್ತು ಅಡುಗೆಮನೆ ತಕ್ಕಡಿ

ನಿಂತು ನೋಡುವ ಡಿಜಿಟಲ್ ಯಂತ್ರದಲ್ಲಿ 100 ಗ್ರಾಂ ವ್ಯತ್ಯಾಸ ತೋರಿಸುವುದು ಸಾಕು. ಕೊಬ್ಬಿನ ಪ್ರಮಾಣ ಹೇಳುವ ದುಬಾರಿ ಯಂತ್ರ ಬೇಡ. ಅದು ಮೈಯಲ್ಲಿ ಹರಿಯುವ ಸಣ್ಣ ವಿದ್ಯುತ್ತಿನಿಂದ ಅಂದಾಜು ಕಟ್ಟುತ್ತದೆ, ನೀರು ತುಂಬಿದ ಮೈಯಲ್ಲಿ ಆ ಅಂದಾಜು ತಪ್ಪುತ್ತದೆ. ಯಂತ್ರವನ್ನು ಚಾಪೆಯ ಮೇಲಲ್ಲ, ಗಟ್ಟಿ ನೆಲದ ಮೇಲಿಡಿ. ಬೆಳಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ನಿಲ್ಲಿ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳದ ಮದುವೆ ಊಟವಾಗಿದ್ದರೆ, ಮುಟ್ಟಿನ ದಿನ ಹತ್ತಿರವಿದ್ದರೆ ಒಂದೆರಡು ಕೆಜಿ ಏರಿಳಿತ ಸಹಜ. ವಾರದ ಸರಾಸರಿ ಬರೆದಿಡಿ, ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ.

ಒಂದೇ ಯಂತ್ರ ಕೊಳ್ಳುವಷ್ಟು ದುಡ್ಡಿದ್ದರೆ ಅಡುಗೆಮನೆ ತಕ್ಕಡಿಯನ್ನೇ ಕೊಳ್ಳಿ. 5 ಕೆಜಿವರೆಗೆ ತೂಗುವ, 1 ಗ್ರಾಂ ತೋರಿಸುವ, ಪಾತ್ರೆಯ ತೂಕವನ್ನು ಸೊನ್ನೆ ಮಾಡುವ ಗುಂಡಿ ಇರುವ ಸಾದಾ ತಕ್ಕಡಿ ಸಾಕು. ಆ ಗುಂಡಿ ಇಲ್ಲದಿದ್ದರೆ ಒಂದು ವಾರದಲ್ಲಿ ಅಟ್ಟ ಸೇರುತ್ತದೆ.

ಈ ತಕ್ಕಡಿಯ ನಿಜವಾದ ಬೆಲೆ ಗೊತ್ತಾಗುವುದು ಮುದ್ದೆಯಲ್ಲಿ. "ಒಂದೇ ಮುದ್ದೆ ತಿನ್ನೋದು" ಎನ್ನುವ ಮಾತಿನಲ್ಲಿ ಗಾತ್ರ ಇಲ್ಲ. 100 ಗ್ರಾಂ ಹಿಟ್ಟಿನ ಮುದ್ದೆ 320 ಕ್ಯಾಲೊರಿ ದಾಟಿದರೆ, 60 ಗ್ರಾಂ ಹಿಟ್ಟಿನದು 200ರ ಹತ್ತಿರ ನಿಲ್ಲುತ್ತದೆ. ಹಿಟ್ಟನ್ನು ತೂಗಿ, ಬೆಂದ ಮುದ್ದೆಯನ್ನಲ್ಲ, ಏಕೆಂದರೆ ನೀರು ಪ್ರತಿ ದಿನ ಬೇರೆ. ಜೊತೆಗೆ ಹುರುಳಿಕಾಳಿನ ಬಸ್ಸಾರು ಇದ್ದರೆ ಈ ಊಟಕ್ಕೆ ಸಾಟಿಯಿಲ್ಲ: 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ದಿನಕ್ಕೆ ಕೆಜಿ ತೂಕಕ್ಕೆ ಒಂದು ಗ್ರಾಂ ಪ್ರೋಟೀನ್ ಒಳ್ಳೆಯ ಗುರಿ. ತಟ್ಟೆಯನ್ನು ಭಾರ ಮಾಡುವುದು ಮುದ್ದೆಗಿಂತ ಅದರ ಸುತ್ತ ಬರುವುದು. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ. 40 ಗ್ರಾಂ ಮೈಸೂರು ಪಾಕ್ 200 ದಾಟುತ್ತದೆ. 100 ಎಂಎಲ್ ಹಾಲು, ಎರಡು ಚಮಚ ಸಕ್ಕರೆಯ ಕಾಫಿ 100ರ ಆಸುಪಾಸು, ದಿನಕ್ಕೆ ನಾಲ್ಕಾದರೆ ಒಂದು ಊಟವೇ ಆಯಿತು. ಮಂಡ್ಯದ ಬೆಲ್ಲ ರುಚಿಯಲ್ಲಿ ಸಕ್ಕರೆಗಿಂತ ಎಷ್ಟೋ ಮೇಲು, ಕ್ಯಾಲೊರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ 300–400 ಕ್ಯಾಲೊರಿ ತಗ್ಗಿಸಿದರೆ ವಾರಕ್ಕೆ ಕಾಲು ಕೆಜಿಯಿಂದ ಸುಮಾರು 350 ಗ್ರಾಂವರೆಗೆ ಇಳಿಯುತ್ತದೆ, ಟಿಎಸ್‌ಎಚ್ ಸರಿಯಿದ್ದಲ್ಲಿ.

ಎಲೆಕೋಸು, ಹೂಕೋಸು, ಮೂಲಂಗಿ ಬಿಡಿ ಎಂಬ ಸಲಹೆಯನ್ನು ಪೂರ್ತಿ ಗ್ರಂಥಿ ತೆಗೆಸಿದವರು ಕೇಳಬೇಕಿಲ್ಲ. ಅವು ತೊಂದರೆ ಕೊಡುವುದು ಗ್ರಂಥಿ ಹಾರ್ಮೋನು ತಯಾರಿಸುವ ಕೆಲಸಕ್ಕೆ. ಗ್ರಂಥಿಯೇ ಇಲ್ಲದ ಮೇಲೆ ಆ ಭಯ ಇಲ್ಲ. ಹೊಟ್ಟೆ ತುಂಬಿಸುವ, ಕ್ಯಾಲೊರಿ ಕಡಿಮೆಯ ತರಕಾರಿಯನ್ನು ಸುಮ್ಮನೆ ಕಳೆದುಕೊಳ್ಳಬೇಡಿ.

ಪುಡಿ ಡಬ್ಬ

ಕೊಳ್ಳಬೇಡಿ. ಹಲವು ಪುಡಿಗಳಲ್ಲಿ ಸೋಯಾ ಇರುತ್ತದೆ, ತಿಂಡಿಯ ಬದಲು ಕುಡಿದರೆ ಮಾತ್ರೆ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ, ಕಬ್ಬಿಣ, ಬಯೋಟಿನ್ ಬೆರೆಸಿದ್ದೂ ಉಂಟು. "ಥೈರಾಯ್ಡ್‌ಗೆ ಒಳ್ಳೆಯದು" ಎಂದು ಕಡಲಪಾಚಿ ಹಾಕಿದ್ದರೆ ಅದರ ಅಯೋಡಿನ್‌ನಿಂದ ಗ್ರಂಥಿ ಇಲ್ಲದವರಿಗೆ ಹಾರ್ಮೋನು ಆಗುವುದಿಲ್ಲ. ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಕಾಯುತ್ತಿರುವವರಿಗಂತೂ ಅದು ಚಿಕಿತ್ಸೆಯನ್ನೇ ಕೆಡಿಸಬಹುದು. ಆ ಚಿಕಿತ್ಸೆಗಾಗಿ ಕೆಲವು ವಾರ ಮಾತ್ರೆ ನಿಲ್ಲಿಸಿದಾಗ ಏರುವ ತೂಕ ಬಹುಪಾಲು ನೀರು. ಮಾತ್ರೆ ಮತ್ತೆ ಶುರುವಾದ ಮೇಲೆ ಇಳಿಯುತ್ತದೆ, ಆ ದಿನಗಳಲ್ಲಿ ಪಥ್ಯದ ಪ್ರಯೋಗ ಬೇಡ.

ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಔಷಧಿಯ ಬಗ್ಗೆ ಈಗ ಎಲ್ಲರೂ ವಿಚಾರಿಸುತ್ತಿದ್ದಾರೆ. ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆತನದಲ್ಲೋ ಇದ್ದವರು ಅದನ್ನು ಬಳಸಬಾರದು, ಬಯಾಪ್ಸಿ ವರದಿಯಲ್ಲಿ ಬಗೆ ಬರೆದಿರುತ್ತದೆ. ಅದರ ನುಂಗುವ ಮಾತ್ರೆಯೂ ಖಾಲಿ ಹೊಟ್ಟೆ ಕೇಳುತ್ತದೆ, ಥೈರಾಕ್ಸಿನ್ ಮೈಗೆ ಸೇರುವ ಪ್ರಮಾಣವನ್ನೂ ಏರಿಸುತ್ತದೆ. ಎರಡನ್ನೂ ಹೊಂದಿಸುವುದು ವೈದ್ಯರ ಕೆಲಸ.

ನಡಿಗೆ

ಕುಕ್ಕರಹಳ್ಳಿ ಕೆರೆಯ ಏರಿ, ಗಾಯ ಮಾಗಿ ಸರ್ಜನ್ ಒಪ್ಪಿದ ಮೇಲೆ, ಮೊದಲ ತಿಂಗಳುಗಳಿಗೆ ಸರಿಯಾದ ಜಾಗ: ನೆಲ ಸಮ, ನೆರಳಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೆ ಆತುರ ಬೇಡ. ಕೂತಾಗಲೂ ಎದೆ ಡವಡವ ಎನ್ನುತ್ತಿದ್ದರೆ, ಕೈ ನಡುಗುತ್ತಿದ್ದರೆ, ತಿಂದರೂ ತೂಕ ಇಳಿಯುತ್ತಿದ್ದರೆ ಡೋಸ್ ಹೆಚ್ಚಾಗಿರಬಹುದು. ಟಿಎಸ್‌ಎಚ್ ನೋಡಿಸಿ ಆಮೇಲೆ ಮೆಟ್ಟಿಲು ಹತ್ತಿ. ಕಷ್ಟಪಟ್ಟು 8–10 ಕೆಜಿ ಇಳಿಸಿದವರೂ ವರ್ಷದ ಪರೀಕ್ಷೆಗೆ ಕಾಯದೆ ಲ್ಯಾಬಿಗೆ ಹೋಗಬೇಕು. 70 ಕೆಜಿಗೆ ಬರೆದ 112, 60 ಕೆಜಿಯ ಮೈಗೆ ಜಾಸ್ತಿಯಾಗಬಹುದು.