ಗಾಸ್ಪೆಲ್ ಹಾಡಿನ ಮ್ಯಾಗಝೀನ್ ಡಿಸೈನ್: ಕ್ಯಾನ್ವಾ, ಕೋರೆಲ್-ನುಡಿ, ಸ್ಕ್ರೈಬಸ್ ಮೂರರಾಗೂ ಮಾಡಿ ನೋಡಿದ್ವಿ

ಗಾಸ್ಪೆಲ್, ಅಂದ್ರ ಕ್ರೈಸ್ತ ಭಕ್ತಿ ಹಾಡಿನ ಮ್ಯಾಗಝೀನ್ ಯಾವ ಸಾಫ್ಟ್‌ವೇರ್‌ದಾಗ ಮಾಡೂದು ಅನ್ನೂದರ ಮ್ಯಾಲನ ನಮ್ಮ ಚರ್ಚಿನ ಯೂತ್ ಫೆಲೋಶಿಪ್‌ದಾಗ ಮೊದಲ ಜಗಳ ಹತ್ತಿದ್ದು. ಕಾಲೇಜ್ ಹುಡುಗ್ರು ಕ್ಯಾನ್ವಾ ಅಂದ್ರು, ಬೆಳಗಾವಿ ಶಹಾಪುರದ ಪ್ರೆಸ್ಸಿನ ಕಾಕಾ "ಕೋರೆಲ್ ಫೈಲ್ ತಗೊಂಡ್ ಬಾ ತಮ್ಮಾ, ಉಳಿದದ್ದು ನಂಗ ಬಿಡು" ಅಂದ್ರು, ನಾನು ಸ್ಕ್ರೈಬಸ್ ಅಂದೆ ಯಾಕಂದ್ರ ಫುಕಟ್ ಐತಿ, ಲೈಸೆನ್ಸ್ ಕಿರಿಕಿರಿ ಇಲ್ಲ. ಮಾತಾಡಿ ಬಗೆಹರಿಯೂದಲ್ಲ ಅಂತ ಗೊತ್ತಾತು, ಅದಕ್ಕ ಅದ ಮ್ಯಾಟರ್, ಅದ ಫೋಟೋ ತಗೊಂಡು ಎಂಟು ಪೇಜಿನ ಡಮ್ಮಿ (ನಮೂನಿ ಪ್ರತಿ) ಮೂರರಾಗೂ ಮಾಡಿ, ಪ್ರಿಂಟ್ ತಗದು ಟೇಬಲ್ ಮ್ಯಾಲ ಬಾಜೂಕ ಬಾಜೂಕ ಇಟ್ಟು ನೋಡಿದ್ವಿ.

ಮ್ಯಾಗಝೀನ್ ಏನಂದ್ರ, ಪಿಯುಸಿಯಿಂದ ಡಿಗ್ರಿ ಮುಗಿಸಿದ ಹುಡುಗ್ರು-ಹುಡುಗ್ಯಾರ ತನಕ ಓದೂವಂಥದ್ದು, ಎ5 ಸೈಜು, 24 ಪೇಜು, ನಡುವ ಪಿನ್ನು. ಪಿನ್ನು ಹೊಡೀಬೇಕಂದ್ರ ಪೇಜು ನಾಕರ ಲೆಕ್ಕದಾಗನ ಬರಬೇಕು, 22 ಮಾಡ್ತೀನಿ 26 ಮಾಡ್ತೀನಿ ಅಂದ್ರ ನಡೆಯೂದಿಲ್ಲ. ಒಳಗ ಒಂದು ಉದ್ದನ್ನ ಲೇಖನ, ಒಂದು ಸಂದರ್ಶನ, ಆಮ್ಯಾಲ ಕಾರ್ಡ್ಸ್ (ಗಿಟಾರ್, ಕೀಬೋರ್ಡಿನ್ಯಾಗ ಕೂಡಿಸಿ ಬಾರಸೂ ಸ್ವರಗಳ ಗುರುತು) ಸಮೇತ ಹಾಡುಗಳು. ಇನ್ನೊಂದು, ಬೆಳಗಾವಿ ಮಂದಿ ಹೆಂಗಂದ್ರ ಒಂದ ಆರಾಧನೆಯೊಳಗ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಕೂ ಹಾಡ್ತೀವಿ, ಹಂಗಾಗಿ ಕನ್ನಡದ ಸಂಗಾಟ ದೇವನಾಗರಿನೂ ಒಂದ ಪೇಜಿನ್ಯಾಗ ಚಂದ ಕೂಡಬೇಕು.

ಕವರ್ ವಿಷಯಕ್ಕ ಬಂದ್ರ ಜಾಸ್ತಿ ಹೇಳೂದೇನಿಲ್ಲ, ಕ್ಯಾನ್ವಾ ಗೆದ್ದುಬಿಡ್ತು. ಮೂರು ಮಂದಿ ಮೂರು ಮನಿಯೊಳಗ ಕುಂತು ಫೋನಿನ್ಯಾಗನ ಒಂದ ಕವರ್ ಮ್ಯಾಲ ಕೆಲಸ ಮಾಡಿದ್ರು, ರಾತ್ರಿ ಊಟ ಮುಗಿಯೂದ್ರಾಗ ಡ್ರಮ್ಮರ್ ಹುಡುಗಿ ಫೋಟೋ ಕಟ್ ಮಾಡಿ, ಹಿಂದ ಹಳದಿ ಬಣ್ಣ ಬಳದು ತಯಾರ್. ಒಂದ ಹುಷಾರು, ಅಲ್ಲಿರೂ ಟೆಂಪ್ಲೇಟ್ ನೋಡಿ ಮರುಳಾಗಬ್ಯಾಡ್ರಿ. ಆ ಟೆಂಪ್ಲೇಟಿನ ಫಾಂಟ್ ಬಹುತೇಕ ಇಂಗ್ಲಿಷ್‌ದ್ದ ಇರ್ತಾವ, ಕನ್ನಡ ಟೈಪ್ ಮಾಡಿದ ಕೂಡ್ಲೆ ಬ್ಯಾರೆ ಫಾಂಟಿಗೆ ಹಾರ್ತೈತಿ, ಮೊದಲಿನ ಚಂದ ಎಲ್ಲಾ ಹೋಗಿಬಿಡ್ತೈತಿ. ಮೊದಲ ಕನ್ನಡ ಫಾಂಟ್ ಆರಿಸ್ಕೊಂಡು ಅದರ ಸುತ್ತ ಡಿಸೈನ್ ಕಟ್ಟೂದು ಚಲೋ. ಬಾಲೂ ತಮ್ಮ ಅನ್ನೂ ಫಾಂಟ್ ದಪ್ಪಗ ಚಂದನ ಐತಿ ಆದ್ರ ಈಗ ಎಲ್ಲಿ ನೋಡಿದ್ರೂ ಅದ, ನಮಗ ಅನೇಕ್ ಕನ್ನಡ ಸೇರ್ತು, ತೆಳ್ಳಗಿನಿಂದ ದಪ್ಪದ ತನಕ ಎಲ್ಲಾ ತೂಕ ಅದಾವ, ಅದ ಕುಟುಂಬದಾಗ ದೇವನಾಗರಿನೂ ಐತಿ, ಹಂಗಾಗಿ ಮರಾಠಿ ಹೆಡಿಂಗ್ ಪಕ್ಕದಾಗ ಇಟ್ರ ಪರಕೀಯ ಅನಸೂದಿಲ್ಲ.

ಕಾಕಾನ ಕೋರೆಲ್ ಕವರ್ ಹೇಳ್ಬೇಕಂದ್ರ ಪಾರಿವಾಳ, ಸೂರ್ಯನ ಕಿರಣ, ಬಂಗಾರ ಬಣ್ಣದ ಅಕ್ಷರಕ್ಕ ನೆರಳು... ಲಗ್ನಪತ್ರಿಕಿ ಕಂಡಂಗ ಕಂಡ್ತು. ಕೈ ಚಳಕದ ಬಗ್ಗೆ ಮಾತಿಲ್ಲ, ಆದ್ರ ಹತ್ತೊಂಬತ್ತು ವರ್ಷದ ಹುಡುಗ ಅದನ್ನ ಬ್ಯಾಗಿನ್ಯಾಗ ಹಾಕ್ಕೊಂಡು ಕಾಲೇಜಿಗೆ ಹೋಗ್ತಾನೇನ್ರಿ? ಸ್ಕ್ರೈಬಸ್‌ದಾಗ ಕವರ್ ಮಾಡಬಹುದು, ಆದ್ರ ಬ್ಯಾಸರ. ಫೋಟೋ ಕಟ್ ಮಾಡೂದು ಜಿಂಪ್ ಅನ್ನೂ ಫೋಟೋ ಸಾಫ್ಟ್‌ವೇರ್‌ದಾಗ, ತರೂದು ಇಲ್ಲಿ, ಸರಿಯಾಗಲಿಲ್ಲಂದ್ರ ವಾಪಸ್ ಅಲ್ಲಿ.

ಬಣ್ಣದ ಒಂದು ವಿಷಯ ಮಾತ್ರ ಮನಸ್ಸಿನ್ಯಾಗ ಇಟ್ಕೋರಿ. ಸ್ಕ್ರೀನ್ ಮ್ಯಾಲ ಮಿಂಚೂ ನೇರಳೆ, ಮಿಂಚೂ ನೀಲಿ ಎರಡೂ ಆರ್‌ಜಿಬಿ, ಅಂದ್ರ ಬೆಳಕಿನಿಂದ ಮೂಡೂ ಬಣ್ಣ, ಪ್ರೆಸ್ಸಿನ್ಯಾಗ ನಾಕು ಮಸಿ ಕೂಡಿಸಿ ಹಚ್ಚೂ ಸಿಎಂವೈಕೆ ಒಳಗ ಆ ಮಿಂಚು ಇರೂದ ಇಲ್ಲ, ಮಬ್ಬಾಗೇ ಬರ್ತಾವ. ಕ್ಯಾನ್ವಾದ ಫ್ರೀ ಅಕೌಂಟ್‌ದಾಗ ಪಿಡಿಎಫ್ ಬರೂದು ಆರ್‌ಜಿಬಿ, ಸಿಎಂವೈಕೆ ಬೇಕಂದ್ರ ರೊಕ್ಕ ಕೊಟ್ಟು ಪ್ರೋ ತಗೋಬೇಕು. ಹಳದಿ, ಕೆಂಪು, ಕರಿ ಇಟ್ಕೊಂಡ್ರ ಈ ತಂಟೆ ಕಡಿಮಿ. ನಾವು ಹಳದಿ ಹಾಕಿದ್ದು ಅದಕ್ಕ.

ಉದ್ದನ್ನ ಲೇಖನಕ್ಕ ನಾವು ತಗೊಂಡಿದ್ದು ಗಾಸ್ಪೆಲ್ ಸಂಗೀತದ ಪಿತಾಮಹ ಅನ್ನಿಸ್ಕೊಂಡ ಅಮೇರಿಕಾದ ಥಾಮಸ್ ಡಾರ್ಸಿ ಕಥಿ. 1899ರಾಗ ಜಾರ್ಜಿಯಾದಾಗ ಹುಟ್ಟಿದ ಮನಷ್ಯಾ, ಮೊದಮೊದಲು ಅಲ್ಲಿನ ಕಪ್ಪು ಜನರ ಬ್ಲೂಸ್ ಸಂಗೀತಕ್ಕ ಪಿಯಾನೋ ಬಾರಸಾಂವ, ಜಾರ್ಜಿಯಾ ಟಾಮ್ ಅಂತ ಹೆಸರು, ಬ್ಲೂಸ್ ಹಾಡಗಾರ್ತಿ ಮಾ ರೇನಿ ಸಂಗಾಟ ಬಾರಿಸಿದಾಂವ. 1932ರಾಗ ಹೆರಿಗೆಯೊಳಗ ಹೆಂಡತಿ ಹೋದ್ಲು, ಹಿಂದನ ಕೂಸೂ ಹೋತು, ಆ ದುಃಖದಾಗ ಬರದ "ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್" ಹಾಡ ಇವತ್ತಿಗೂ ಜಗತ್ತೆಲ್ಲಾ ಹಾಡ್ತೈತಿ. ಬ್ಲೂಸ್ ತಾಳಾನ ಚರ್ಚಿನ್ಯಾಗ ತಂದಾನ ಅಂತ ಆಗಿನ ಎಷ್ಟೋ ಚರ್ಚುಗಳು ಆ ಸಂಗೀತಾನ ಒಳಗ ಬಿಟ್ಕೊಳ್ಳಲಿಲ್ಲ. ನಮ್ಮಲ್ಲಿ ಡ್ರಮ್ಸ್ ಬ್ಯಾಡ ಅನ್ನೂ ಹಿರಿಯರು ಇದನ್ನ ಓದ್ಲಿ ಅಂತನ ನಾನು ಇದನ್ನ ಮೊದಲ ಸಂಚಿಕೆಗೆ ಹಟ ಹಿಡದು ಹಾಕ್ಸಿದ್ದು, ಇರ್ಲಿ.

ಮೂರೂವರಿ ಪೇಜಿನ ಈ ಲೇಖನ ಕ್ಯಾನ್ವಾದಾಗ ತುಂಬಸೂದು ನರಕ. ಒಂದ ಪೇಜಿನ ಡಬ್ಬಿಯಿಂದ (ಟೆಕ್ಸ್ಟ್ ಬಾಕ್ಸ್) ಮುಂದಿನ ಪೇಜಿಗೆ ಮ್ಯಾಟರ್ ತಾನ ಹರಿಯೂದಿಲ್ಲ, ಎರಡು ಸಾಲು ಜಾಸ್ತಿ ಆದ್ರ ಕಟ್ ಮಾಡಿ ಮುಂದಿನ ಡಬ್ಬಿಗೆ ಹಾಕಬೇಕು, ಅಲ್ಲಿಂದ ಮತ್ತ ಮುಂದಕ್ಕ. ಸ್ಕ್ರೈಬಸ್‌ದಾಗ ಡಬ್ಬಿಗಳನ್ನ ಒಂದಕ್ಕೊಂದು ಲಿಂಕ್ ಮಾಡಿಬಿಟ್ರ ಮುಗೀತು, ಪ್ಯಾರಾಗ್ರಾಫ್ ಸ್ಟೈಲ್ ಒಂದ ಕಡೆ ಬದಲ ಮಾಡಿದ್ರ ಎಲ್ಲಾ ಪೇಜು ಬದಲ. ಆದ್ರ ಒಂದು, ಹಳೇ 1.4 ವರ್ಶನ್ ತಗೋಬ್ಯಾಡ್ರಿ, ಅದರಾಗ ಕನ್ನಡ ಒಡೀತೈತಿ. 2024ರ ಜನವರಿಗೆ ಬಂದ 1.6 ಒಳಗ ಒತ್ತಕ್ಷರ ಎಲ್ಲಾ ಸರಿ ಕೂಡ್ತಾವ. ಮತ್ತ ಕನ್ನಡಕ್ಕ ಎರಡೂ ಬದಿ ಸಮ ಮಾಡೂ ಜಸ್ಟಿಫೈ ಎ5 ಪೇಜಿಗೆ ಹಚ್ಚಬ್ಯಾಡ್ರಿ. ನಮ್ಮ ಶಬ್ದ ಉದ್ದ, ಸಾಲಿಗೆ ಮೂರೋ ನಾಕೋ ಶಬ್ದ ಕೂಡ್ತಾವ, ನಡುವ ಸಂದಿ ಬಿದ್ದು ಸಾಲು ತೂತು ತೂತು ಕಾಣ್ತೈತಿ. ಎಡಕ್ಕ ಹೊಂದಿಸಿ ಬಿಟ್ಟುಬಿಡ್ರಿ.

ಈಗ ಹಾಡಿನ ಪೇಜು. ನನ್ನ ಕೇಳಿದ್ರ ಎಲ್ಲಾ ತೀರ್ಮಾನ ಆಗೂದು ಇಲ್ಲೇ, ಕವರ್ ನೋಡಿ ಸಾಫ್ಟ್‌ವೇರ್ ಆರಸೂದು ತಪ್ಪು. ಹುಡುಗ್ರು ಮ್ಯಾಗಝೀನ್ ಜೋಪಾನ ಮಾಡಿ ಇಡೂದು ಹಾಡು ಮತ್ತ ಕಾರ್ಡ್ಸ್ ಸಲುವಾಗಿ, ಲೇಖನ ಒಂದ ಸಲ ಓದ್ತಾರ, ಹಾಡಿನ ಪೇಜು ಸ್ಟ್ಯಾಂಡ್ ಮ್ಯಾಲ ವರ್ಷಗಟ್ಲೆ ಇರ್ತೈತಿ.

ತೊಂದ್ರಿ ಎಲ್ಲೈತಿ ನೋಡ್ರಿ. ಇಂಗ್ಲಿಷ್ ಹಾಡಿಗೆ ಸಾಲಿನ ಮ್ಯಾಲ ಕಾರ್ಡ್ ಬರದ್ರ ಸಲೀಸು. ಕನ್ನಡದಾಗ ಮ್ಯಾಲಿನ ಸಾಲಿನ ಒತ್ತಕ್ಷರ ಕೆಳಗ ಜೋತು ಬೀಳ್ತಾವ. ನಮ್ಮ ಹಾಡಿನ್ಯಾಗ ಸ್ತೋತ್ರ, ಸ್ತುತಿ, ಕ್ರಿಸ್ತ, ಆತ್ಮ, ರಕ್ಷಕ ಇಲ್ಲದ ಸಾಲ ಇಲ್ಲ, ಎಲ್ಲದಕ್ಕೂ ಒತ್ತು. ಮ್ಯಾಲಿನ ಸಾಲಿನ ಸ್ತೋತ್ರದ ಒತ್ತು ಕೆಳಗಿನ ಸಾಲಿನ ಜಿ ಕಾರ್ಡ್ ಮ್ಯಾಲ ಹೋಗಿ ಕುಂತ್ರ ಗಿಟಾರ್ ಹುಡುಗ ಏನ್ ಓದ್ತಾನ? ಅದಕ್ಕ ಎರಡು ಥರದ ಸಂದಿ ಬೇಕು, ಕಾರ್ಡ್ ತನ್ನ ಸಾಲಿಗೆ ಹತ್ತಿರ ಇರಬೇಕು, ಮ್ಯಾಲಿನ ಸಾಲಿನ ಒತ್ತಿನಿಂದ ದೂರ ಇರಬೇಕು. ಕ್ಯಾನ್ವಾದಾಗ ಒಂದ ಡಬ್ಬಿಗೆ ಒಂದ ಲೈನ್ ಸ್ಪೇಸಿಂಗ್, ಎರಡು ಥರ ಕೊಡಾಕ ಬರೂದಿಲ್ಲ, ಕಾರ್ಡ್ ಸರಸೂದೂ ಸ್ಪೇಸ್ ಹೊಡದು ಹೊಡದು. ಫಾಂಟ್ ಒಂದ ಪಾಯಿಂಟ್ ಬದಲ ಮಾಡಿದ್ರ ಎಲ್ಲಾ ಕಾರ್ಡ್ ಜಾಗ ಬಿಡ್ತಾವ. ಸ್ಕ್ರೈಬಸ್‌ದಾಗ ಕಾರ್ಡಿಗೆ ಒಂದು ಸ್ಟೈಲ್, ಹಾಡಿಗೆ ಒಂದು ಸ್ಟೈಲ್, ಕಾರ್ಡಿನ ಸ್ಟೈಲ್‌ಗೆ ಮ್ಯಾಲ ಜಾಗ ಬಿಡು ಅಂತ ಹೇಳಿ, ಟ್ಯಾಬ್ ಹಚ್ಚಿ ಕುಂದರಿಸಿದ್ರ ಇಡೀ ಪುಸ್ತಕಕ್ಕ ಒಂದ ನಮೂನಿ ಬರ್ತೈತಿ.

ಕಾಕಾ ಇಲ್ಲಿ ನಮ್ಮನ್ನ ಬೆರಗು ಮಾಡಿದ್ರು. ಕೋರೆಲ್‌ದಾಗ ಒಂದೊಂದ ಕಾರ್ಡ್ ಬ್ಯಾರೆ ಬ್ಯಾರೆ ಎತ್ತಿ ಅಕ್ಷರದ ನೆತ್ತಿ ಮ್ಯಾಲ ಇಟ್ರು, ಮೂರು ಡಮ್ಮಿಯೊಳಗ ಹಾಡಿನ ಪೇಜು ನೋಡಾಕ ಅವರದ್ದ ಚಂದ. ಹಾಡೂ ಬರ್ತೈತಿ ಆ ಮನಷ್ಯಾಗ, ಭಜನಿಗೆ ಪೇಟಿ (ಹಾರ್ಮೋನಿಯಂ) ಬಾರಸ್ತಾರ. "ಕ್ರಿಸ್ತನ" ಅಂತ ಹಾಡುವಾಗ ದನಿ ಕ್ರಿಸ್ ಅಂತ ನಿಂತು ಮುಂದ ತ ಮ್ಯಾಲ ಕಾರ್ಡ್ ಬದಲ ಆಗ್ತೈತಿ, ಬರಿಯೂದ್ರಾಗ ತ ಅನ್ನೂದು ಸ ಕೆಳಗ ಒತ್ತಾಗಿ ಕುಂತಿರ್ತೈತಿ, ಹಂಗಾದ್ರ ಕಾರ್ಡ್ ಎಲ್ಲಿ ಇಡೂದು? ಕಾಕಾ ಅದನ್ನ ಸ್ತ ದ ಬಲ ಅಂಚಿಗೆ ಒಂದೀಟ ಸರಿಸಿ ಇಟ್ರು. ಕೀಬೋರ್ಡ್ ಹುಡುಗ ನೋಡಿದ ಕೂಡ್ಲೆ ಸರಿ ಜಾಗಕ್ಕ ಒತ್ತಿದ. ಆ ಒಂದು ಐಡಿಯಾ ನಾವು ಕದ್ದು ಸ್ಕ್ರೈಬಸ್ ಫೈಲಿಗೆ ಹಾಕ್ಕೊಂಡ್ವಿ. ಇನ್ನೊಂದೂ ಅವರದ್ದ: ಹಾಡಿನ ಹೆಡಿಂಗ್ ಕೆಳಗ ಬರೀ ಡಿ ಸ್ಕೇಲ್ ಅಂತ ಹಾಕಬ್ಯಾಡ್ರಿ, ಬಾಜೂಕ ಬಿಳಿ ಎರಡು (ಪೇಟಿಯ ಎರಡನೇ ಬಿಳಿ ಮನಿ) ಅಂತ ಹಾಕ್ರಿ ಅಂದ್ರು. ಪೇಟಿ ಬಾರಸೂ ಹಿರಿಯರಿಗೆ ಬಿಳಿ ಎರಡು, ಕಪ್ಪು ಒಂದು ಅಂದ್ರನ ತಿಳಿಯೂದು, ಗಿಟಾರ್ ಕೊರಳಿಗೆ ಕ್ಯಾಪೋ ಕ್ಲಿಪ್ ಹಾಕೂ ಹುಡುಗ್ರಿಗೆ ಡಿ. ಎರಡೂ ಹಾಕಿದ್ವಿ.

ಆದ್ರ ಕಾಕಾನ ಪೇಜು ತಗೊಳ್ಳಾಕ ಬರಲಿಲ್ಲ, ಕಾರಣ ನುಡಿ. ಅವರ ಮಷಿನ್ ಮ್ಯಾಲ ಇರೂದು ಹಳೇ ಕೋರೆಲ್, ಟೈಪ್ ಮಾಡೂದು ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟ್‌ದಾಗ, ಅಂದ್ರ ಇಂಗ್ಲಿಷ್ ಅಕ್ಷರದ ಜಾಗಕ್ಕ ಕನ್ನಡದ ಆಕಾರ ಕುಂದರಿಸಿದ್ದು. ಪೇಪರ್ ಮ್ಯಾಲ ಒಂದ ಅಕ್ಷರ ತಪ್ಪಿಲ್ಲ, ಅದ ಹಾಡು ಕಾಪಿ ಮಾಡಿ ವಾಟ್ಸಾಪಿಗೆ ಹಾಕ್ರಿ, ಇಂಗ್ಲಿಷ್ ಅಕ್ಷರ ಚಿಹ್ನಿ ಎಲ್ಲಾ ಕೂಡಿ ಕಲಸುಮೇಲೋಗರ. ಕನ್ವರ್ಟರ್ ಅದಾವ, ಖರೆ, ಆದ್ರ ಕಾರ್ಡ್ ಬ್ಯಾರೆ ತುಣುಕು ಹಾಡು ಬ್ಯಾರೆ ತುಣುಕು ಇದ್ದದ್ದು ಕಾಪಿ ಮಾಡಿದ್ರ ಎಲ್ಲಿಯ ಕಾರ್ಡ್ ಎಲ್ಲಿಗೋ. ಮ್ಯಾಗಝೀನ್ ಪ್ರಿಂಟ್ ಆಗಿ ಮುಗೀತು ಅನ್ನೂ ಕಾಲ ಅಲ್ಲ ಇದು. ಅದ ಹಾಡು ಫೋನಿಗೂ ಹೋಗಬೇಕು, ಪ್ರೊಜೆಕ್ಟರ್‌ಗೂ ಹೋಗಬೇಕು, ಮುಂದಿನ ವರ್ಷ ಹುಡುಕಿದ್ರ ಸಿಗಬೇಕು. ಯೂನಿಕೋಡ್ (ಎಲ್ಲಾ ಫೋನು, ಕಂಪ್ಯೂಟರ್‌ಗೂ ಒಂದ ನಮೂನಿ ತಿಳಿಯೂ ಅಕ್ಷರ ಪದ್ಧತಿ) ಇಲ್ಲದ್ದು ನಮಗ ನಡೆಯೂದಿಲ್ಲ ಅಂತ ಹೇಳಿದ್ವಿ, ಕಾಕಾ ಸಿಟ್ಟಾಗಲಿಲ್ಲ. 1843ರಾಗ ಮಂಗಳೂರಾಗ ಜರ್ಮನ್ ಪಾದ್ರಿ ಮೋಗ್ಲಿಂಗ್ ಸಾಹೇಬ ಕನ್ನಡದ ಮೊದಲ ಪತ್ರಿಕೆ ಕಲ್ಲಚ್ಚಿನ್ಯಾಗ ತಗದ, ಕಲ್ಲಿನ ಮ್ಯಾಲ ಒತ್ತು ಎಲ್ಲಿ ಬೇಕೋ ಅಲ್ಲಿ ಬರೀಬಹುದಿತ್ತು, ನಾವು ಕಂಪ್ಯೂಟರ್ ತಂದು ಕೆಟ್ವಿ ಅಂತ ನಕ್ಕರು.

ಪೇಜು ಜೋಡಸೂ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್ ಯಾಕ ನೋಡಲಿಲ್ಲ ಅಂತ ಕೇಳ್ತೀರಿ. ಗೆಳ್ಯಾನ ಆಫೀಸಿನ್ಯಾಗ ಒಂದ ಸಂಜೆ ನೋಡಿದ್ವಿ. ಕೆಲಸಕ್ಕ ಎಲ್ಲಾದಕ್ಕಿಂತ ಛಲೋ, ಆದ್ರ ಮೊದಲ ವರ್ಲ್ಡ್-ರೆಡಿ ಕಂಪೋಸರ್ ಅಂತ ಒಂದ ಸೆಟ್ಟಿಂಗ್ ಹಾಕಬೇಕು, ಇಲ್ಲಂದ್ರ ಸ್ತೋತ್ರದ ಒತ್ತೆಲ್ಲಾ ಬಿಚ್ಚಿ ಸಾಲಾಗಿ ನಿಂತುಬಿಡ್ತಾವ. ಗೊತ್ತಿಲ್ಲದವ್ರು ಇದರಾಗ ಕನ್ನಡ ಬರೂದಿಲ್ಲ ಅಂತ ಬಿಟ್ಟು ಹೋಗ್ತಾರ. ಕಾಣಿಕೆ ರೊಕ್ಕದಾಗ ನಡಿಯೂ ಮ್ಯಾಗಝೀನಿಗೆ ತಿಂಗಳ ತಿಂಗಳ ಸಬ್‌ಸ್ಕ್ರಿಪ್ಶನ್ ಕಟ್ಟೂ ತಾಕತ್ತಿಲ್ಲ, ಅಷ್ಟ.

ಹಾಡು ಆರಸೂದ್ರ ಬಗ್ಗೆ ಒಂದ ಮಾತು, ಡಿಸೈನ್ ಅಲ್ಲ ಆದ್ರೂ ಪೇಜು ತುಂಬೂದು ಅದರಿಂದನ. ನಮ್ಮ ದೇಶದಾಗ ಬರದವ್ರು ತೀರಿಕೊಂಡು 60 ವರ್ಷ ಆಗೂ ತನಕ ಕಾಪಿರೈಟ್ ಇರ್ತೈತಿ. ಇಂಗ್ಲಿಷ್ ಕೀರ್ತನೆ ಬರದ ಫ್ಯಾನಿ ಕ್ರಾಸ್ಬಿ ತೀರಿಕೊಂಡಿದ್ದು 1915ರಾಗ, ಆಕೀ ಹಾಡು ಹಾಕಬಹುದು, ಆದ್ರ ಅದರ ಕನ್ನಡ ಅನುವಾದ ಮೊನ್ನೆ ಮೊನ್ನೆ ಯಾರೋ ಮಾಡಿದ್ರ ಆ ಹಕ್ಕು ಅವರದ್ದು, ಬ್ಯಾರೆ. ಯೂಟ್ಯೂಬ್‌ದಾಗ ಓಡೂ ಹೊಸ ವರ್ಶಿಪ್ ಹಾಡು ಕೇಳದ ಹಚ್ಚಬ್ಯಾಡ್ರಿ. ಸ್ಥಳೀಯ ಹುಡುಗ್ರು ಬರದ ಹಾಡು ಕೇಳ್ರಿ, ಬಾಗಲಕೋಟೆ ಗುಳೇದಗುಡ್ಡದ ಕಡೆ ಎಂಥಾ ಛಲೋ ಬರಿಯೂವ್ರು ಅದಾರ, ಹೆಸರು ಹಾಕಿ ಹಚ್ಚಿದ್ರ ಅವರಿಗೂ ಖುಷಿ.

ಪ್ರೆಸ್ಸಿಗೆ ಕೊಡುವಾಗ ಸ್ಕ್ರೈಬಸ್ ಪಿಡಿಎಫ್ ಎಕ್ಸ್ (ಪ್ರಿಂಟಿಗಂತನ ಇರೂ ಪಿಡಿಎಫ್) ಫೈಲ್ ಮಾಡಿ ಕೊಡ್ತೈತಿ, ಫಾಂಟ್ ಒಳಗನ ಇರ್ತಾವ, ಸುತ್ತ 3 ಮಿಲಿಮೀಟರ್ ಬ್ಲೀಡ್ (ಅಂಚು ಕತ್ತರಸಾಕ ಹೆಚ್ಚಿಗಿ ಜಾಗ) ಬಿಟ್ರ ಕಾಕಾಗೂ ತಕರಾರಿಲ್ಲ. ಫೋಟೋಗಳನ್ನ ಮಾತ್ರ ಸ್ಕ್ರೈಬಸ್ ಫೈಲ್ ಒಳಗ ಇಟ್ಕೊಳ್ಳೂದಿಲ್ಲ, ಎಲ್ಲಿ ಅದಾವ ಅಂತ ದಾರಿ ಅಷ್ಟ ನೆನಪಿಡ್ತೈತಿ, ಲ್ಯಾಪ್‌ಟಾಪ್ ಬದಲ ಮಾಡೂ ಮೊದಲ ಎಲ್ಲಾ ಒಂದ ಫೋಲ್ಡರಿಗೆ ಕೂಡಿಸ್ಕೋರಿ, ಕಲೆಕ್ಟ್ ಫಾರ್ ಔಟ್‌ಪುಟ್ ಅಂತ ಮೆನುವಿನ್ಯಾಗನ ಐತಿ. ಇನ್ನೊಂದು ಕೊರತಿ, ಒಂದ ಸಲಕ್ಕ ಒಬ್ಬರ ಕೆಲಸ ಮಾಡಾಕ ಬರ್ತೈತಿ. ಕ್ಯಾನ್ವಾ ರೂಢಿ ಆದ ಹುಡುಗ್ರಿಗೆ ಇದು ಭಾಳ ಬ್ಯಾಸರ, "ಅಣ್ಣಾ ಫೈಲ್ ಬಿಟ್ಟಿ ಏನು" ಅಂತ ಫೋನ್ ಮ್ಯಾಲ ಫೋನ್.

ಇಷ್ಟೆಲ್ಲಾ ಬಿಟ್ಟು ಬರೀ ಫೋನಿನ್ಯಾಗ ತಗೀರಿ ಅನ್ನೂವ್ರೂ ಇದ್ರು. ಅಮೇರಿಕಾದ ಕ್ರೈಸ್ತ ಸಂಗೀತದ ಸಿಸಿಎಂ ಮ್ಯಾಗಝೀನ್ 1978ರಾಗ ಶುರುವಾಗಿ 2008ರಾಗ ಪ್ರಿಂಟ್ ನಿಲ್ಲಿಸ್ತು, ನೀವೇನು ದೊಡ್ಡವ್ರು ಅಂದ್ರು. ಮಾತು ಖರೆ ಐತಿ, ಆದ್ರ ಗಿಟಾರ್ ಬಾರಸೂವಾಗ ಫೋನ್ ಸ್ಟ್ಯಾಂಡ್ ಮ್ಯಾಲ ಇದ್ರ ಹಾಡಿನ ನಡುವ ಸ್ಕ್ರೀನ್ ಆಫ್ ಆಗ್ತೈತಿ, ಇಲ್ಲಾ ಯಾರದೋ ಕಾಲ್ ಬರ್ತೈತಿ. ನಾವು ಎರಡೂ ಇಟ್ವಿ. ಫೋನಿಗೆ ಅದ ಎ5 ಪಿಡಿಎಫ್ ಕಳಿಸಿದ್ರ ಅಕ್ಷರ ಸಣ್ಣ ಆಗ್ತಾವ, ಅದಕ್ಕ ಹಾಡು ಅಷ್ಟ ತಗದು ಕ್ಯಾನ್ವಾದಾಗ ಉದ್ದನ್ನ ಚೀಟಿ ಹಂಗ ಮಾಡಿ ಕಳಸ್ತೀವಿ, ಅಲ್ಲಿ ಕಾರ್ಡ್ ಸಾಲಿನ ಮ್ಯಾಲ ಇಡದ ಸಾಲಿನ ಒಳಗ ಚೌಕ ಕಂಸದಾಗ ಹಾಕ್ತೀವಿ, ಒತ್ತಿನ ಜಗಳನ ಇಲ್ಲ.

ಹಾಡಿನ ಟ್ರ್ಯಾಕ್ ಕೇಳಸಾಕ ಪೇಜಿನ ಮೂಲ್ಯಾಗ ಕ್ಯೂಆರ್ ಹಾಕಿದ್ವಿ. ಯುಪಿಐ ದೆಸಿಂದ ಕಾಯಿಪಲ್ಲೆ ಮಾರೂ ಅಜ್ಜಿಗೂ ಸ್ಕ್ಯಾನ್ ಗೊತ್ತು, ಹೇಳಿಕೊಡೂ ಕೆಲಸ ಇಲ್ಲ. ಬಿಳಿ ಮ್ಯಾಲ ಕರಿ ಇರ್ಲಿ, ಎರಡು ಸೆಂಟಿಮೀಟರ್‌ಗಿಂತ ಸಣ್ಣ ಬ್ಯಾಡ, ಸುತ್ತ ಖಾಲಿ ಜಾಗ ಬಿಡ್ರಿ. ಒಂದ ವೆಬ್‌ಸೈಟಿನ್ಯಾಗ ಫ್ರೀ ಅಂತ ಮಾಡ್ಕೊಂಡ ಡೈನಾಮಿಕ್ ಕೋಡು (ಆ ವೆಬ್‌ಸೈಟ್ ಮುಖಾಂತರ ಹಾಡಿಗೆ ಒಯ್ಯೂವಂಥದ್ದು) ಸ್ವಲ್ಪ ದಿನಕ್ಕ ಸ್ಕ್ಯಾನ್ ಮಾಡಿದ್ರ ರೊಕ್ಕ ಕಟ್ರಿ ಅನ್ನಾಕ ಹತ್ತಿತು, ಪುಣ್ಯಾಕ್ಕ ಅದು ಡಮ್ಮಿಯೊಳಗಿತ್ತು. ಸ್ಟ್ಯಾಟಿಕ್ ಕೋಡ ಮಾಡ್ರಿ, ಲಿಂಕ್ ನೇರ ಅದರೊಳಗ ಇರ್ತೈತಿ, ನಡುವ ಯಾರೂ ಇರೂದಿಲ್ಲ.

ಈಗ ಕವರ್ ಕ್ಯಾನ್ವಾದಾಗ, ಒಳಗಿನ ಪೇಜು ಸ್ಕ್ರೈಬಸ್‌ದಾಗ, ಕಾರ್ಡ್ ಕುಂದರಸುವಾಗ ಪ್ರೂಫ್ ನೋಡಾಕ ಕಾಕಾ. ಒಳಗ 80 ಜಿಎಸ್ಎಂ ತೂಕದ ಮ್ಯಾಪ್ಲಿಥೋ ಕಾಗದ ಸಾಕು ಅಂತ ಎಲ್ಲಾರೂ ಒಪ್ಯಾರ, ಪೆನ್ಸಿಲ್‌ಲೆ ಕಾರ್ಡ್ ತಿದ್ದಾಕೂ ಬರ್ತೈತಿ. ಕವರಿಗೆ ಮ್ಯಾಟ್ ಲ್ಯಾಮಿನೇಶನ್ನೋ ಗ್ಲಾಸಿನೋ ಅನ್ನೂದು ಇನ್ನೂ ಹರಿದಿಲ್ಲ, ಹುಡುಗ್ಯಾರೆಲ್ಲಾ ಗ್ಲಾಸಿ ಕಡೆ, ನಂದು ಒಂದ ಓಟು ಮ್ಯಾಟಿಗೆ.