ಹಂಡೆ, ಗೀಸರ್, ಸೋಲಾರ್: ಸ್ನಾನದ ನೀರಿಗೆ ಯಾವುದು ವಾಸಿ?

ಬಿಸಿನೀರಿನ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಮೂರು ಪಕ್ಷ. ಅತ್ತೆಗೆ ಹಂಡೆ ನೀರು ಬಿಟ್ಟು ಬೇರೆ ನೀರು ನೀರೇ ಅಲ್ಲ. ನಮ್ಮ ಯಜಮಾನರಿಗೆ ಸ್ವಿಚ್ ಒತ್ತಿದ ಕೂಡಲೇ ಕೆಲಸ ಆಗಬೇಕು. ನನ್ನದು ಸೋಲಾರ್ ಪಕ್ಷ. ಹಾಸನದ ಮನೆಯಲ್ಲಿ ತಾರಸಿ ಮೇಲೆ ಸೋಲಾರ್ ಇದೆ, ಬಚ್ಚಲಲ್ಲಿ ಗೀಸರ್ ಇದೆ. ಸಕಲೇಶಪುರ ಕಡೆಯ ಊರಮನೆಯಲ್ಲಿ ಬಚ್ಚಲೊಲೆ, ಅದರ ಮೇಲೆ ತಾಮ್ರದ ಹಂಡೆ. ಎರಡೂ ಕಡೆ ಓಡಾಡಿಕೊಂಡು ಇರುವುದರಿಂದ ಮೂರನ್ನೂ ಎಲ್ಲ ಕಾಲದಲ್ಲೂ ಬಳಸಿ ನೋಡಿದ್ದೇನೆ. ದುಡ್ಡು ಉಳಿಸಿದರೆ ಪರಿಸರವೂ ತಾನಾಗೇ ಉಳಿಯುತ್ತದೆ ಅಂತಾರಲ್ವಾ? ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ಎರಡಕ್ಕೂ ಜಗಳ. ಆ ಜಗಳ ಬಚ್ಚಲಮನೆಯಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಮೊದಲು ಗೀಸರ್. ಚಳಿಗಾಲದ ಬೆಳಗ್ಗೆ ನಲ್ಲಿ ನೀರು 20 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಮೈಗೆ ಹಿತವಾಗಬೇಕಾದರೆ 40 ಡಿಗ್ರಿ ಬೇಕು. 20 ಲೀಟರಿನ ಒಂದು ಬಕೆಟ್ ನೀರು ಅಷ್ಟು ಕಾಯಲು ಹೆಚ್ಚೂಕಡಿಮೆ ಅರ್ಧ ಯೂನಿಟ್ ಕರೆಂಟು ಹೋಗುತ್ತದೆ. ಎಷ್ಟು ಸ್ಟಾರ್ ಇರುವ ಗೀಸರ್ ತಂದರೂ ಇದು ಇಳಿಯುವುದಿಲ್ಲ. ಸ್ಟಾರ್ ಜಾಸ್ತಿ ಇದ್ದರೆ ಕಾದ ನೀರು ಬೇಗ ಆರುವುದಿಲ್ಲ, ಅಷ್ಟೇ ಲಾಭ. ಮನೆಯಲ್ಲಿ ನಾಲ್ಕು ಜನ ಇದ್ದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಅದೇ ನಾಲ್ಕು ಜನ ಶವರ್ ಕೆಳಗೆ ನಿಂತರೆ? ಆರೇಳು ನಿಮಿಷಕ್ಕೆ 60 ಲೀಟರ್ ಸಲೀಸಾಗಿ ಹೋಗುತ್ತದೆ. ಆಗ ತಿಂಗಳಿಗೆ 170 ಯೂನಿಟ್ ಹತ್ತಿರ ಬರುತ್ತದೆ. ಗೀಸರ್ ಯಾವುದು ಅನ್ನುವುದಕ್ಕಿಂತ ಬಕೆಟ್ಟಾ ಶವರ್ರಾ ಅನ್ನುವುದೇ ದೊಡ್ಡ ಪ್ರಶ್ನೆ. ಸ್ವಿಚ್ ಹಾಕಿ ಮರೆತು ಹೋಗುವವರ ಮನೆಯ ಲೆಕ್ಕ ಬೇರೆ. ಅಲ್ಲಿ ನೀರು ಆರುವುದು, ಗೀಸರ್ ಅದನ್ನು ಮತ್ತೆ ಕಾಯಿಸುವುದು, ದಿನವಿಡೀ ಇದೇ.

ಇನ್ನು ದುಡ್ಡು. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ 60 ಯೂನಿಟ್‌ಗೆ 360 ರೂಪಾಯಿ. ಆದರೆ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕವೇ ತಲೆಕೆಳಗಾಯಿತು. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಎಷ್ಟಿತ್ತೋ ಅದಕ್ಕೆ ಸಾಮಾನ್ಯವಾಗಿ ಶೇಕಡಾ 10 ಸೇರಿಸಿ, ಅಷ್ಟು ಯೂನಿಟ್ ಬಿಟ್ಟಿ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಬೀಳುತ್ತದೆ. ಅಂದರೆ ಆಗಲೇ ಜಾಸ್ತಿ ಉರಿಸುತ್ತಿದ್ದವರಿಗೆ ಈಗ ಜಾಸ್ತಿ ಬಿಟ್ಟಿ. ಸೋಲಾರ್ ಹಾಕಿಸಿಕೊಂಡು ಸರಾಸರಿ ತಗ್ಗಿಸಿಕೊಂಡಿದ್ದವರಿಗೆ ಕಡಿಮೆ! ನಮ್ಮ ಬೀದಿಯಲ್ಲೇ ಒಬ್ಬರು ಕೇಳಿದರು: "ಜೀರೋ ಬಿಲ್ ಬರ್ತಿದೆ, ಸೋಲಾರ್‌ಗೆ ಯಾಕ್ರೀ ದುಡ್ಡು ಸುರೀಲಿ?" ಅವರ ಜೇಬಿನ ಮಟ್ಟಿಗೆ ಸರಿಯಾಗಿಯೇ ಇದೆ.

ಆದರೆ ಬಿಲ್ಲು ಸೊನ್ನೆ ಬಂದರೂ ಮೀಟರ್ ಓಡಿದ್ದು ಓಡಿದ್ದೇ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ಮಾಡಲು ಅರ್ಧ ಕೆಜಿಗೂ ಜಾಸ್ತಿ ಕಲ್ಲಿದ್ದಲು ಬೇಕು. ಅದು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಉರಿಯುತ್ತದೆ. ನಮ್ಮ ರಾಜ್ಯದಲ್ಲಿ ಬಿಸಿಲಿನ ಕರೆಂಟು ಧಾರಾಳವಾಗಿ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಆದರೆ ನಾವು ಸ್ನಾನಕ್ಕೆ ಹೋಗುವುದು ಬೆಳಗ್ಗೆ ಆರರಿಂದ ಎಂಟರೊಳಗೆ. ಪಾವಗಡದ ಸೋಲಾರ್ ಪಾರ್ಕಿಗೆ ಆಗಿನ್ನೂ ಸರಿಯಾಗಿ ಬಿಸಿಲೇ ಬಿದ್ದಿರುವುದಿಲ್ಲ. ಹಾಗಾಗಿ ನಾನು ಗೀಸರನ್ನು ರೂಪಾಯಿಯಲ್ಲಿ ಅಳೆಯುವುದು ಬಿಟ್ಟೆ. ಯೂನಿಟ್‌ನಲ್ಲಿ ಅಳೆಯುತ್ತೇನೆ.

ಬಾಡಿಗೆ ಮನೆಯವರು, ಒಂಟಿಯಾಗಿ ಇರುವವರು ರಾಡ್ ಹಾಕಿ ಕಾಯಿಸುತ್ತಾರೆ. ಕರೆಂಟಿನ ಮಟ್ಟಿಗೆ ಅದೇನೂ ಕೆಟ್ಟದ್ದಲ್ಲ. 1,500 ವ್ಯಾಟ್ ರಾಡ್ 20 ನಿಮಿಷಕ್ಕೆ ಅರ್ಧ ಯೂನಿಟ್ ತಿನ್ನುತ್ತದೆ, ಬೇಕಾದಷ್ಟೇ ನೀರು ಕಾಯುತ್ತದೆ. ಶಾಕ್ ಭಯ ಒಂದಿದೆ. ಪ್ಲಗ್ ಕಿತ್ತೇ ನೀರಿಗೆ ಕೈ ಹಾಕಬೇಕು, ಮಕ್ಕಳಿರುವ ಮನೆಗೆ ಬೇಡ. ಗ್ಯಾಸ್ ಗೀಸರನ್ನು ನಾನು ಹೋಲಿಕೆಗೇ ತರುವುದಿಲ್ಲ. ಗಾಳಿ ಆಡದ ಬಚ್ಚಲಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ವಾಸನೆಯೇ ಬರುವುದಿಲ್ಲ, ಜೀವ ಹೋಗಿರುವುದು ಎಷ್ಟೋ ಕಡೆ ಆಗಿದೆ.

ಇನ್ನು ನನ್ನ ಪಕ್ಷ, ಸೋಲಾರ್. 100 ಲೀಟರಿನದಕ್ಕೆ 20 ಸಾವಿರದ ಆಸುಪಾಸು ಹಿಡಿಯಿರಿ. ಕರೆಂಟಿಗೆ ದುಡ್ಡು ಕಟ್ಟುವವರಾದರೆ, ಮಳೆಗಾಲ ಕಳೆದು ಲೆಕ್ಕ ಹಾಕಿದರೂ, ಆರು ವರ್ಷದ ಹೊತ್ತಿಗೆ ಹಾಕಿದ ದುಡ್ಡು ವಾಪಸ್. ಜೀರೋ ಬಿಲ್ಲಿನವರಿಗೆ ಯಾವತ್ತೂ ವಾಪಸ್ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹಾಸನದಲ್ಲಿ ಚಳಿಗಾಲ ಅಂದರೆ ಮೋಡವಿಲ್ಲದ ಆಕಾಶ. ಬೆಳಗ್ಗೆ ಕೈ ಕೊರೆಯುವಷ್ಟು ಚಳಿ ಇದ್ದರೂ ಹಿಂದಿನ ದಿನದ ಬಿಸಿಲಿಗೆ ಕಾದ ನೀರು ಟ್ಯಾಂಕಿನಲ್ಲಿ ಕುದಿಯುವಂತೆ ಇರುತ್ತದೆ. ನಮಗೆ ಅದಕ್ಕಿಂತ ಇನ್ನೇನು ಬೇಕು?

ತೊಂದರೆ ಶುರುವಾಗುವುದು ಜೂನ್‌ನಲ್ಲಿ. ಮಲೆನಾಡಿನ ಮಳೆಮೋಡ ಹಾಸನದ ಮೇಲೂ ದಿನಗಟ್ಟಲೆ ಕೂರುತ್ತದೆ. ಆಗ ಅತ್ತೆಗೆ ಖುಷಿ.

"ಏನ್ ಕಣಮ್ಮ, ನಿನ್ ಸೂರ್ಯ ಇವತ್ತೂ ರಜೆನಾ?"

"ಹೌದು ಅತ್ತೆ, ನಿಮ್ ಹಂಡೆ ಇಲ್ಲಿಗೇ ತರಿಸಿಬಿಡಿ."

ಟ್ಯಾಂಕಿನೊಳಗೆ ಬ್ಯಾಕಪ್ ಕಾಯಿಲ್ ಹಾಕಿಸಿಕೊಳ್ಳಿ ಅಂತ ಮಾರುವವರು ಹೇಳುತ್ತಾರೆ. ನನಗೆ ಅದು ಸರಿ ಬರಲಿಲ್ಲ. ಒಂದು ಬಕೆಟ್ ಬೇಕೆಂದರೆ 100 ಲೀಟರ್ ಪೂರಾ ಕಾಯಿಸಬೇಕು. ಅದರ ಬದಲು ಬಚ್ಚಲಲ್ಲಿ ಒಂದು ಚಿಕ್ಕ ಗೀಸರ್ ಇದ್ದರೆ ಸಾಕು, ಮೋಡದ ದಿನ ಮಾತ್ರ ಸ್ವಿಚ್.

ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ತಾರಸಿಯಿಂದ ಬಚ್ಚಲಿಗೆ ಬರುವ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ತಣ್ಣಗಾಗಿರುತ್ತದೆ. ನಲ್ಲಿ ತಿರುಗಿಸಿದರೆ ಮೊದಲು ತಣ್ಣೀರು, ಆಮೇಲೆ ಉಗುರುಬೆಚ್ಚಗೆ, ಆಮೇಲೆ ಕೈ ಸುಡುವ ನೀರು. ನಮ್ಮ ಮನೆಯಲ್ಲಿ ಅಷ್ಟರೊಳಗೆ ಅರ್ಧ ಬಕೆಟ್ ತುಂಬಿರುತ್ತದೆ. ಕರೆಂಟು ಉಳಿಸಿ ಹೇಮಾವತಿ ನೀರನ್ನು ಮೋರಿಗೆ ಬಿಟ್ಟರೆ ಏನು ಬಂತು? ಬಚ್ಚಲಲ್ಲಿ ಒಂದು ಹಳೇ ಬಕೆಟ್ ಇಟ್ಟಿದ್ದೇನೆ. ಮೊದಲ ನೀರು ಅದಕ್ಕೆ, ಅಲ್ಲಿಂದ ನೆಲ ಒರೆಸಲು, ಇಲ್ಲ ಕರಿಬೇವಿನ ಗಿಡಕ್ಕೆ. ಬೋರ್‌ವೆಲ್ ನೀರಿನವರಿಗೆ ಉಪ್ಪಿನ ಪೀಡೆ ಬೇರೆ. ಗಾಜಿನ ಟ್ಯೂಬಿನೊಳಗೆ ಬಿಳಿ ಪಾಚಿಯಂತೆ ಉಪ್ಪು ಕಟ್ಟುತ್ತದೆ, ಆಗಾಗ ತೊಳೆಸದಿದ್ದರೆ ನೀರು ಕಾಯುವುದೇ ಕಡಿಮೆಯಾಗುತ್ತದೆ.

ಗಾಜಿನ ಟ್ಯೂಬಿನದೋ, ತಾಮ್ರದ ತಗಡಿನ ಪ್ಯಾನೆಲ್ಲೋ? ಟ್ಯೂಬಿನದು ಅಗ್ಗ, ಚಳಿಗೂ ತೆಳು ಮೋಡಕ್ಕೂ ಸ್ವಲ್ಪ ವಾಸಿ. ಪ್ಯಾನೆಲ್‌ಗೆ ದುಡ್ಡು ಜಾಸ್ತಿ, ಆದರೆ ಗಟ್ಟಿ. ಕೋತಿ ಕಾಟ ಇರುವ ಕಡೆ ಪ್ಯಾನೆಲ್ಲೇ ಸರಿ. ಊರಮನೆ ಪಕ್ಕದವರ ಚಾವಣಿ ಮೇಲೆ ಕೋತಿಗಳು ಹಾರಿ ಒಂದು ಟ್ಯೂಬ್ ಒಡೆದವು, ಟ್ಯಾಂಕಿನ ನೀರೆಲ್ಲ ಆ ತೂತಿನಿಂದಲೇ ಸುರಿದು ಅಂಗಳ ಕೆಸರಾಯಿತು. ಟ್ಯೂಬ್ ಒಂದನ್ನೇ ಬದಲಾಯಿಸಬಹುದು, ಆದರೆ ಪೇಟೆಯಿಂದ ಮೆಕ್ಯಾನಿಕ್ ಬರುವವರೆಗೆ ಇಡೀ ಮನೆಗೆ ತಣ್ಣೀರೇ.

ಕೊನೆಗೆ ಹಂಡೆ. ಇಲ್ಲಿ ಅತ್ತೆಯ ಮಾತನ್ನು ತೆಗೆದುಹಾಕುವ ಹಾಗಿಲ್ಲ. ಕಾಫಿ ಕೊಯ್ಲು ಮುಗಿದು ಗಿಡದ ರೆಂಬೆ ಸವರಿದಾಗ (ನಮ್ಮ ಕಡೆ ಇದಕ್ಕೆ ಕಸಿ ಅಂತಾರೆ), ಮಳೆಗೆ ಮೊದಲು ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರಿದಾಗ ತೋಟದಲ್ಲಿ ಬೀಳುವ ರೆಂಬೆ ಕೊಂಬೆ ಒಂದು ವರ್ಷದ ಬಚ್ಚಲೊಲೆಗೆ ಸಾಕಾಗಿ ಮಿಗುತ್ತದೆ. ಯಾವ ಮರವನ್ನೂ ಇದಕ್ಕೆಂದೇ ಕಡಿಯುವುದಿಲ್ಲ. ಹಳೇ ಕಾಫಿ ಗಿಡದ ಕಾಂಡ ಬೆಂಕಿಗೆ ಎಷ್ಟು ಗಟ್ಟಿ ಅಂದರೆ, ರಾತ್ರಿ ಎರಡು ತುಂಡು ಒಳಗೆ ತಳ್ಳಿಟ್ಟರೆ ಬೆಳಗ್ಗೆ ಬೂದಿ ಕೆದಕಿದಾಗ ಕೆಂಡ ಇನ್ನೂ ಇರುತ್ತದೆ. ನಾಲ್ಕು ಜನರ ಸ್ನಾನಕ್ಕೆ ಮೂರ್ನಾಲ್ಕು ಕೆಜಿ ಒಣ ಸೌದೆ ಸಾಕು. ಬೂದಿಯನ್ನು ಅತ್ತೆ ಒಂದು ಚಿಟಿಕೆ ಬಿಸಾಡುವುದಿಲ್ಲ. ಜರಡಿ ಹಿಡಿದ ನಯವಾದ ಬೂದಿ ಪಾತ್ರೆಗೆ, ಉಳಿದದ್ದು ಬಾಳೆ ಬುಡಕ್ಕೆ. ಅದರಲ್ಲಿ ಪೊಟ್ಯಾಶ್ ಇರುವುದರಿಂದ ಬಾಳೆಗೆ ಒಳ್ಳೆಯದೇ. ಸೋಪಿನ ಪುಡಿ ಖರ್ಚೂ ಉಳಿಯಿತು.

ಹಾಗಾದರೆ ಹಂಡೆಯೇ ಗೆದ್ದಿತಾ? ಹೊಗೆ ನೋಡಿ ಆಮೇಲೆ ಹೇಳಿ. ಬಚ್ಚಲಮನೆಯ ಹೆಂಚು, ತೊಲೆ ಎಲ್ಲ ಮಸಿ ಹಿಡಿದು ಹೊಳೆಯುತ್ತಿರುತ್ತದೆ. ಊದುಗೊಳವೆ ಹಿಡಿದು ಹಸಿ ಸೌದೆ ಊದಿದವರ ಕಣ್ಣು, ಎದೆ ಕೇಳಬೇಕು. ಊದುವವರು ಯಾವಾಗಲೂ ಮನೆಯ ಹೆಂಗಸರೇ. ಈ ಖರ್ಚು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ (ASTRA) ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ಹಳ್ಳಿಗಳಿಗೆ ಹೊಗೆ ಕೊಳವೆಯ ಅಸ್ತ್ರ ಒಲೆ ಕೊಟ್ಟದ್ದು ಈ ಕಷ್ಟ ನೋಡಿಯೇ. ನಮ್ಮ ಬಚ್ಚಲೊಲೆಗೂ ಗಾರೆಯವರನ್ನು ಕರೆಸಿ ಹಂಡೆಯ ಸುತ್ತ ಬೆಂಕಿ ಸುತ್ತಿ ಬರುವಂತೆ ಕಟ್ಟಿಸಿ, ಹೊಗೆ ಕೊಳವೆಯನ್ನು ಹೆಂಚಿನ ಮೇಲಕ್ಕೆ ಎತ್ತಿಸಿದೆವು. ಸೌದೆ ಕಡಿಮೆ ಹಿಡಿಯಿತು, ಕಣ್ಣುರಿಯೂ ಹೋಯಿತು. ಸೌದೆ ಮಾತ್ರ ಮಳೆಗೆ ಮೊದಲೇ ಸೀಳಿ ಒಳಗೆ ಒಟ್ಟಬೇಕು. ಒದ್ದೆ ಸೌದೆಯ ಶಾಖದಲ್ಲಿ ಒಂದು ಪಾಲು ಅದರ ನೀರನ್ನು ಒಣಗಿಸಲೇ ಹೋಗುತ್ತದೆ.

ಪೇಟೆಯಲ್ಲಿ ಹಂಡೆ ಮಾತ್ರ ಬೇಡವೇ ಬೇಡ. ದುಡ್ಡು ಕೊಟ್ಟು ಸೌದೆ ತಂದರೆ ಉಳಿತಾಯ ಅಲ್ಲಿಗೇ ಮುಗಿಯಿತು. ಮನೆಗೆ ಮನೆ ಅಂಟಿಕೊಂಡಿರುವ ಬೀದಿಯಲ್ಲಿ ಹೊಗೆ ಪಕ್ಕದವರ ಒಣಗಿದ ಬಟ್ಟೆಗೆ. ನಮ್ಮ ಹಿಂದಿನ ಬೀದಿಯಲ್ಲಿ ಹಾಲಿನ ಕವರ್ ಹಚ್ಚಿ ಒಲೆ ಹೊತ್ತಿಸುವವರು ಇದ್ದಾರೆ, ಆ ನಾತಕ್ಕೆ ಕಿಟಕಿ ತೆಗೆಯುವ ಹಾಗಿಲ್ಲ. ತೆಂಗಿನ ನಾರು, ಕರಟ ಎಷ್ಟು ಚೆನ್ನಾಗಿ ಹೊತ್ತಿಕೊಳ್ಳುತ್ತದೆ! ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಇರುವ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಸುಡುವ ಕರ್ಮ ಯಾಕೋ.

ನನ್ನ ತೀರ್ಮಾನ ಊರಿನ ಮೇಲೆ ನಿಂತಿದೆ. ಹಾಸನ, ಅರಸೀಕೆರೆ, ಕಡೂರಿನಂಥ ಬಿಸಿಲಿರುವ ಕಡೆ ಸ್ವಂತ ಮನೆ ಇದ್ದರೆ ಸೋಲಾರ್, ಜೊತೆಗೆ ಮೋಡದ ದಿನಕ್ಕೆ ಚಿಕ್ಕ ಗೀಸರ್. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಸ್ವಂತ ತೋಟ ಇದ್ದರೆ ಹೊಗೆ ಕೊಳವೆ ಇರುವ ಹಂಡೆ. ಅಲ್ಲಿ ಸೋಲಾರ್ ಬೇಸಿಗೆಗೆ ಮಾತ್ರ. ಬಾಡಿಗೆ ಮನೆಯವರಿಗೆ ಗೀಸರ್, ಸ್ನಾನಕ್ಕೆ ಸ್ವಲ್ಪ ಮೊದಲು ಹಾಕಿ ಆರಿಸುವುದು. ಎಲ್ಲರಿಗೂ ಬಕೆಟ್ಟು, ಚೊಂಬು.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಬಚ್ಚಲನ್ನು ಆದಷ್ಟೂ ಸೋಲಾರ್ ಟ್ಯಾಂಕಿನ ಕೆಳಗೇ ಬರುವಂತೆ ಹಾಕಿಸಿ. ಬಿಸಿನೀರಿನ ಪೈಪಿಗೆ ಮೇಲೆ ಸ್ಪಂಜಿನ ಹೊದಿಕೆ ಹಾಕಬೇಕು ಅಂತ ಗಾರೆ ಬಳಿಯುವ ಮೊದಲೇ ಪ್ಲಂಬರ್‌ಗೆ ಹೇಳಿ. ಕೇಳದಿದ್ದರೆ ಅವರು ಹಾಕುವುದಿಲ್ಲ, ಗೋಡೆ ಮುಚ್ಚಿದ ಮೇಲೆ ಹಾಕಲು ಆಗುವುದೂ ಇಲ್ಲ.